ಬೇಲಿಯಾಚೆ ನಿಂತು ಕಾಯಿ ಕೇಳಿದವಳು

ಗಣಪಿ ಅತ್ತಿಗೆ ಕೂತಿದ್ದಾಗ ಅವಳ ಕಾಲು ಯಾರಿಗೂ ಕಾಣುತ್ತಿರಲಿಲ್ಲ. ನಾನು ಮದುವೆಯಾಗಿ ಹೊನ್ನಾವರದ ಹೊಳೆದಂಡೆಯ ಆ ಮನೆಗೆ ಬಂದು ಎಷ್ಟೋ ದಿನ ನನಗೂ ಕಂಡಿರಲಿಲ್ಲ. ಕೊಳೆಸಿದ ತೆಂಗಿನ ಸಿಪ್ಪೆಯ ರಾಶಿಯನ್ನು ಎದುರಿಗೆ ಎಳೆದುಕೊಂಡು, ಕೈಯಲ್ಲಿ ಕೊಡತಿ ಹಿಡಿದು, ಹಿತ್ತಲಿನ ಮಾಡಿನ ಕೆಳಗೆ ಅವಳು ದಿನವಿಡೀ ಸಿಪ್ಪೆ ಜಪ್ಪಿ ನಾರು ಬಿಡಿಸುತ್ತಿದ್ದಳು. ಯಾರಾದರೂ ಬಂದ ಸಪ್ಪಳ ಕೇಳಿದರೆ ಇನ್ನಷ್ಟು ಸಿಪ್ಪೆಯನ್ನು ತನ್ನ ಕಡೆಗೆ ಎಳೆದುಕೊಳ್ಳುವಳು. ಕೆಲಸದ ಮೇಲೆ ಇಷ್ಟು ಆಸೆಯೇ ಎಂದು ನಾನು ತಿಳಿದಿದ್ದೆ.

ಒಂದು ಬೆಳಗಿನ ಜಾವ ಬಾವಿಕಟ್ಟೆಗೆ ಹೋದಾಗ ಅವಳು ಮೊದಲೇ ಅಲ್ಲಿದ್ದಳು. ಸೀರೆ ಎತ್ತಿ ಕಟ್ಟಿ ಕಾಲಿಗೆ ನೀರು ಹೊಯ್ದುಕೊಳ್ಳುತ್ತಿದ್ದಳು. ಎಡಗಾಲು ಮೊಣಕಾಲಿನಿಂದ ಕೆಳಗೆ ಕಾಲಿನ ಆಕಾರದಲ್ಲೇ ಇರಲಿಲ್ಲ. ಪಾದ ಎಲ್ಲಿ ಮುಗಿಯಿತು, ಕಾಲು ಎಲ್ಲಿ ಶುರುವಾಯಿತು ಗೊತ್ತಾಗದ ಹಾಗೆ ಊದಿ, ಚರ್ಮ ಹಳೇ ಮರದ ತೊಗಟೆಯಂತೆ ಮಡಿಚಿಕೊಂಡಿತ್ತು. ನಾನು ಕೊಡ ಹಿಡಿದು ಅಲ್ಲೇ ನಿಂತುಬಿಟ್ಟೆ.

“ಕಂಡಾತಲ್ಲ,” ಅಂದಳು ಅತ್ತಿಗೆ, ತಲೆ ಎತ್ತದೆ. “ಇನ್ನು ಎಂತ ನೋಡ್ತೆ? ನೀರು ಎತ್ತು.”

ಅವಳು ನನ್ನ ಗಂಡನ ಅಕ್ಕ. ಭಟ್ಕಳದ ಕಡೆ ಶಿರಾಲಿಗೆ ಕೊಟ್ಟಿದ್ದರು. ಮಗಳು ಮಂಗಲಾ ಹುಟ್ಟಿದ ಮೇಲೆ ಹುಣ್ಣಿಮೆ ಅಮಾವಾಸ್ಯೆಗೆ ಚಳಿಜ್ವರ ಬರಲು ಶುರುವಾಯಿತಂತೆ. ಒಂದೊಂದು ಜ್ವರ ಬಿಟ್ಟಾಗಲೂ ಕಾಲು ಅಷ್ಟಷ್ಟು ಊದಿಕೊಂಡಿತು. ಗಂಡ ಬೇರೆ ಹೆಂಡತಿಯನ್ನು ತಂದ. ತಾಯಿ ಮಗಳು ತವರಿಗೆ ಬಂದರು. ಜಗಳವಾಡಿ ಬಂದದ್ದಲ್ಲ. “ಇಂಥಾ ಕಾಲು ಇಟ್ಕಂಡು ಯಾವ ಬಾಯಲ್ಲಿ ಜಗಳ ಮಾಡೂದು,” ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಮಹಾಯುದ್ಧ ನಡೆಯುತ್ತಿದ್ದ ಕಾಲ. ಅಕ್ಕಿಗೆ ರೇಶನ್, ಚಿಮಣಿ ಎಣ್ಣೆಗೆ ರೇಶನ್. ಪೆಟ್ರೋಲ್ ಸಿಗದೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು. ಅಂಥ ಬಸ್ಸಿಗೆ ಇದ್ದಿಲು ತುಂಬಿ ಒಲೆಯ ಗಾಳಿಚಕ್ರ ತಿರುಗಿಸುವ ಕೆಲಸದಲ್ಲಿದ್ದ ಕುಮಟಾದ ವೆಂಕಟ್ರಮಣ ಎಂಬ ಹುಡುಗ ಮಂಗಲಾಳನ್ನು ಒಪ್ಪಿದ. ಅವನ ತಾಯಿ ಲಕ್ಕಿ ಹುಡುಗಿ ನೋಡಲು ಬಂದ ದಿನ ಅತ್ತಿಗೆ ಸಿಪ್ಪೆಯ ರಾಶಿಯ ಹಿಂದಿನಿಂದ ಏಳಲೇ ಇಲ್ಲ.

“ನಿಮ್ಮ ನಾದಿನಿ ಭಾರೀ ಕೆಲಸಗಾರ್ತಿ,” ಅಂದಳು ಲಕ್ಕಿ ನನ್ನ ಹತ್ತಿರ. “ಬೀಗ್ತಿ ಬಂದ್ರೂ ಕೊಡತಿ ಬಿಡೂದಿಲ್ಲ.”

ನಾನು ನಕ್ಕೆ. ಅತ್ತಿಗೆಯೂ ನಕ್ಕಳು. ಮದುವೆ ಬೇಸಿಗೆಗೆ, ಗಂಡಿನ ಮನೆಯಲ್ಲೇ ಎಂದು ನಿಶ್ಚಯವಾಯಿತು. ಅವರು ಹೋದ ಮೇಲೆ ನಮ್ಮನೆಯವರು ಅಕ್ಕನಿಗೆ ಇಷ್ಟೇ ಹೇಳಿದರು: “ಮದುವೆ ಆಗೂವರೆಗೆ ಹಗಲಿಗೆ ಬೇಲಿ ದಾಟೂದು ಬೇಡ ಅಕ್ಕಾ.” ಅತ್ತಿಗೆ “ಆತು” ಅಂದಳು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಕೃಷ್ಣಾನಂದ ಡಾಕ್ಟರು ಹೊನ್ನಾವರಕ್ಕೆ ಬಂದರು. ಮೂಲ ಕುಮಟಾದವರೇ, ಕಲಿತದ್ದು ಬೊಂಬಾಯಿ. ಅಲ್ಲಿನ ಯಾರೋ ಶೇಟನ ವಿಧವೆ ಗಂಡನ ಹೆಸರಿನಲ್ಲಿ ಧರ್ಮಕ್ಕೆ ಇಟ್ಟ ಹಣದಿಂದ ಆನೆಕಾಲು ರೋಗದ ಶೋಧನೆ ಮಾಡಲು ಬಂದಿದ್ದರು. ಬಂದರದ ಹತ್ತಿರ ಹಂಚಿನ ದಾಸ್ತಾನಿನ ಮಾಳಿಗೆ ಬಾಡಿಗೆಗೆ ಹಿಡಿದು ಸೂಕ್ಷ್ಮದರ್ಶಕ ಇಟ್ಟುಕೊಂಡರು. ಊರವರಿಗೆ ಶೋಧನೆ ಎಂದರೆ ಏನು ಗೊತ್ತು? ಡಾಕ್ಟರು ಅಂದ ಮೇಲೆ ಮದ್ದು ಕೊಡಬೇಕು. ಇವರು ಮದ್ದು ಕೊಡುವುದಿಲ್ಲ. ಕತ್ತಲಾದ ಮೇಲೆ ಲಾಟೀನು ಹಿಡಿದು ಮನೆಮನೆಗೆ ಬಂದು, ಮಲಗಿದವರನ್ನು ಎಬ್ಬಿಸಿ, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು ಹೋಗುತ್ತಾರೆ. ಈ ರೋಗದ ಹುಳ ಹಗಲು ಒಳಗೆಲ್ಲೋ ಅಡಗಿದ್ದು ರಾತ್ರಿ ಮಾತ್ರ ಬೆರಳಿನ ತನಕ ಬರುತ್ತದಂತೆ.

“ಹುಳಕ್ಕೂ ನಾಚಿಕೆ ಅದೆ ಅಂತಾಯ್ತು,” ಅಂದಿದ್ದಳು ಅತ್ತಿಗೆ, ನಮ್ಮ ಮನೆಯಲ್ಲಿ ಎಲ್ಲರ ರಕ್ತ ತೆಗೆದ ದಿನ. ಡಾಕ್ಟರು ನಕ್ಕುಬಿಟ್ಟರು. ಅವಳ ಕಾಲನ್ನು ದೀಪ ಹಿಡಿದು ನೋಡಿದರು. ಮುಟ್ಟಿ ನೋಡಿದರು. ಎಷ್ಟೋ ವರ್ಷದಿಂದ ಆ ಕಾಲನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಆಮೇಲೆ ಅವರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. “ಬೊಂಬಾಯಿಯವರು ಬರುವ ಮಳೆಗಾಲದ ತನಕ ಮಾತ್ರ ಕೊಟ್ಟಿದ್ದಾರೆ. ಊರಿನವರೂ ಕೈಲಾದದ್ದು ಹಾಕಿದರೆ ಇನ್ನೊಂದು ವರ್ಷಕ್ಕೆ ಕೊಡುತ್ತೇವೆ ಅಂತ ಹೇಳಿದ್ದಾರೆ. ಕೆಲಸ ಅರ್ಧಕ್ಕೆ ನಿಂತರೆ ಏನೂ ಉಪಯೋಗ ಇಲ್ಲ. ಪೂರ್ತಿಯಾದರೆ ಮುಂದೆ ಇದಕ್ಕೆ ಮದ್ದು ಬರುತ್ತದೆ.”

ಅದರಲ್ಲಿ ‘ಮದ್ದು ಬರುತ್ತದೆ’ ಎಂಬುದೊಂದೇ ಅತ್ತಿಗೆಯ ಕಿವಿಗೆ ಬಿದ್ದದ್ದು. ಮದುವೆಗೆ ಮೊದಲು ಮದ್ದು ಬಂದರೆ ಕಾಲು ಇಳಿಯುತ್ತದೆ. ಕಾಲು ಇಳಿದರೆ ಮಗಳ ಧಾರೆಗೆ ತಾನೂ ನಾಲ್ಕು ಜನರ ನಡುವೆ ನಿಲ್ಲಬಹುದು. ಅವಳು ಇದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ಹತ್ತಿರ ಮಾತ್ರ. “ಅಷ್ಟು ಆದ್ರೆ ಸಾಕು ನೀಲಾ. ಆಮೇಲೆ ಮತ್ತೆ ಊದಿದ್ರೂ ಅಡ್ಡಿಲ್ಲ.”

ಡಾಕ್ಟರರಿಗೆ ಚಿಮಣಿ ಎಣ್ಣೆ ಬೇಕು, ಸ್ಪಿರಿಟ್ ಬೇಕು, ಗಾಜಿನ ಪಟ್ಟಿ ಬೇಕು. ನಮ್ಮ ಕೇರಿಯವರ ಹತ್ತಿರ ದುಡ್ಡಿಲ್ಲ, ತೆಂಗಿನಕಾಯಿ ಇದೆ. ಮನೆಮನೆಯಿಂದ ಕಾಯಿ ಎತ್ತುತ್ತೇನೆ ಎಂದು ಅತ್ತಿಗೆಯೇ ಮುಂದೆ ಬಂದಳು. ನಮ್ಮನೆಯವರು ಹಗಲಿಗೆ ತಾನೇ ಬೇಡ ಎಂದದ್ದು? ಅವಳು ದೀಪ ಹಚ್ಚುವ ಹೊತ್ತಿಗೆ ಹೊರಡುತ್ತಿದ್ದಳು. ಬುಟ್ಟಿ ಹೊರಲು ನಾನು. ಒಂದೊಂದು ಮನೆಯ ಬೇಲಿಯ ಹತ್ತಿರ ನಿಂತು, ಒಳಗೆ ಹೋಗದೆ, ಕೂಗುವಳು: “ಆನೆಕಾಲು ಬೇನೆ ಓಡ್ಸೂಕೆ ಒಂದು ಕಾಯಿ ಕೊಡಿ ತಂಗಿ.”

“ಒಳಗೆ ಬಾ ಗಣಪಕ್ಕ, ಎಂತಕೆ ಅಲ್ಲಿ ನಿಂತ್ಕಂಡೆ?” ಎಂದು ಕರೆದರೆ, “ಹೊತ್ತಾತು, ಇನ್ನೂ ಮನೆ ಅದೆ,” ಅನ್ನುವಳು. ಅಂಗಳದಲ್ಲಿ ದೀಪ ಇರುತ್ತಿತ್ತಲ್ಲ. ದೀಪದಲ್ಲಿ ಕಾಲು ಕಾಣುತ್ತಿತ್ತು.

ಜನ ಕಾಯಿ ಕೊಟ್ಟರು. ನಾವು ಎಣಿಸಿದ್ದಕ್ಕಿಂತ ಹೆಚ್ಚು ಕೊಟ್ಟರು. ಬುಟ್ಟಿ ತುಂಬಿದ ಮೇಲೆ ಅದೇ ಕತ್ತಲಲ್ಲಿ ಬಸ್ಸು ನಿಲ್ಲುವ ಕಡೆ ಇದ್ದ ದುರ್ಗಪ್ಪನ ಚಾ ಹೋಟೆಲಿನ ಹಿಂಬಾಗಿಲಿಗೆ ಹೋಗಿ ಒಳಗಿನ ಮೂಲೆಗೆ ಸುರಿದು ಬರುತ್ತಿದ್ದೆವು. ದುರ್ಗಪ್ಪ ಅದಕ್ಕೆ ಬದಲಾಗಿ ಡಾಕ್ಟರರಿಗೆ ಬೇಕಾದ ಎಣ್ಣೆ ಸಾಮಾನು ಹೊಂದಿಸಿ ಕೊಡುತ್ತಿದ್ದ. ಬೊಂಬಾಯಿಗೆ ಕಾಗದ ಬರೆದಿದ್ದೇನೆ, ಊರವರು ಕೈ ಹಾಕಿದ್ದಾರೆ ಅಂತ ತಿಳಿಸಿದ್ದೇನೆ ಎಂದು ಡಾಕ್ಟರು ಸಂತೋಷಪಟ್ಟರು. ಅತ್ತಿಗೆ ಆ ದಿನಗಳಲ್ಲಿ ನಾರು ಬಿಡಿಸುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಹೋಟೆಲಿನಲ್ಲಿ ಕಾಯಿ ತುರಿಯುವ ಮಾದಿ ಒಂದು ಕಾಯಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಆಗ ಖಾಲಿ ಬುಟ್ಟಿ ತರಲು ಹೋಗಿದ್ದೆ. ಎಲ್ಲ ನನ್ನ ಕಣ್ಣೆದುರೇ ಆಯಿತು.

“ದುರ್ಗಪ್ಪಣ್ಣ, ಇಲ್ಲಿ ಬನ್ನಿ. ಇದು ಎಂತ ನೋಡಿ.”

ಕಾಯಿಯ ನೆತ್ತಿಯಲ್ಲಿ ಕರ್ಪೂರ ಉರಿದ ಕರಿ. ಜುಟ್ಟಿನ ಸಂದಿಯಲ್ಲಿ ಕುಂಕುಮ. ಇನ್ನೊಂದು ತೆಗೆದಳು, ಅದರ ಹೊಟ್ಟೆಯ ಮೇಲೆ ಮಸಿಯ ಬೊಟ್ಟು. ನಮ್ಮ ಕಡೆ ಯಾರಿಗಾದರೂ ಜ್ವರ ಬಿಡದಿದ್ದರೆ, ಮಗು ಹಟ ಹಿಡಿದು ಅತ್ತರೆ, ಕಾಯಿಯನ್ನು ಅವರ ತಲೆಗೆ ಸುತ್ತು ತಂದು ನಿವಾಳಿಸುತ್ತಾರೆ. ಬೇನೆ ಆ ಕಾಯಿಗೆ ಹತ್ತುತ್ತದೆ ಎಂದು ನಂಬಿಕೆ. ಅದನ್ನು ಯಾರೂ ತಿನ್ನುವ ಹಾಗಿಲ್ಲ. ಮೂರು ದಾರಿ ಕೂಡುವಲ್ಲಿ ಒಡೆಯಬೇಕು, ಇಲ್ಲ ಹೊಳೆಗೆ ಬಿಡಬೇಕು. ಬೇನೆಯನ್ನು ಊರಾಚೆ ದಾಟಿಸಲು ಬರುವವರು ಇದ್ದರೆ ಅವರ ಬುಟ್ಟಿಗೆ ಹಾಕಬೇಕು. ಅಂಥವರು ಕತ್ತಲಾಗುವಾಗ ಬರುತ್ತಾರೆ. ಕರೆದರೂ ಒಳಗೆ ಬರುವುದಿಲ್ಲ. ಬೇಲಿಯಾಚೆಯೇ ನಿಲ್ಲುತ್ತಾರೆ.

ದುರ್ಗಪ್ಪ ಕಾಯಿ ಕೆಳಗಿಟ್ಟು ಕೈಯನ್ನು ಪಂಚೆಗೆ ಒರೆಸಿಕೊಂಡ. ಹೊರಗೆ ಬೆಂಚಿನ ಮೇಲೆ ಇಡ್ಲಿ ಚಟ್ನಿ ತಿನ್ನುತ್ತಿದ್ದವರ ಕೈ ನಿಂತಿತು.

“ಹಂಗಾದ್ರೆ ನಿನ್ನೆ ನಾ ತಿಂದದ್ದು ಯಾರ ಜ್ವರ ಮಾರಾಯಾ?” ಅಂದ ಒಬ್ಬ.

ನಮ್ಮ ಕೇರಿಯ ಮಾದೇವ ಅಲ್ಲಿಯೇ ಇದ್ದ. ಆ ಮಸಿ ಬೊಟ್ಟಿನ ಕಾಯಿಯನ್ನೇ ನೋಡುತ್ತಿದ್ದ. “ಅದು ನಮ್ಮನೇದು,” ಅಂದ ಮೆಲ್ಲಗೆ. “ನಂಗೆ ಕಣ್ಣುಬೇನೆ ಬಂದಾಗ ತೆಗ್ದದ್ದು.”

“ಸರಿ ಹೋತು. ನಿಂದು ನಿಂಗೇ ಬಂತು. ಚಟ್ನಿ ಇನ್ನೊಂದು ಸಲ ಹಾಕಿಸ್ಕೊ,” ಅಂದ ಮೊದಲಿನವನು.

ಜನ ನಕ್ಕರು. ಆದರೆ ಎದ್ದು ಕೈ ತೊಳೆದು ಹೋದರು. ದುರ್ಗಪ್ಪ ಕೆಟ್ಟವನಲ್ಲ. ನನ್ನ ಕಡೆ ತಿರುಗಿ, “ತಂಗಿ, ನಿಮ್ಮ ಗಣಪಕ್ಕಂಗೆ ಹೇಳು. ಇನ್ನು ಕಾಯಿ ತರೂದು ಬೇಡ. ನನ್ನ ಹೋಟ್ಲು ಹೋತು,” ಎಂದ. ನಾನು ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು ಮುಖ ಮುಚ್ಚಿಕೊಂಡು ಬಂದೆ.

ಅತ್ತಿಗೆಗೆ ಹೇಳಿದಾಗ ಅವಳು ಬಹಳ ಹೊತ್ತು ಸಿಪ್ಪೆ ಜಪ್ಪಿದಳು. ಆಮೇಲೆ ಕೊಡತಿ ಕೆಳಗಿಟ್ಟಳು.

“ಅವ್ರದ್ದು ತಪ್ಪಿಲ್ಲ,” ಅಂದಳು. “ಬೇನೆ ಓಡ್ಸೂಕೆ ಕಾಯಿ ಕೊಡಿ ಅಂತ ಕತ್ತಲಲ್ಲಿ ಬೇಲಿ ಆಚೆ ನಿಂತವ್ಳು ನಾನು. ನಾನಾದ್ರೂ ಹಂಗೇ ಕೊಡ್ತಿದ್ದೆ. ನಾಚಿಕೆಗೆ ಒಳಗೆ ಹೋಗ್ಲಿಲ್ಲ. ಈಗ ಊರೆಲ್ಲ ನಾಚಿಕೆ ಆತು.”

ಮರುದಿನ ಮಧ್ಯಾಹ್ನ, ಜನ ಮಲಗಿರುವ ಹೊತ್ತು ನೋಡಿ, ಅವಳು ನನ್ನನ್ನು ಕರೆದುಕೊಂಡು ಡಾಕ್ಟರರ ಮಾಳಿಗೆಗೆ ಹೊರಟಳು. ಇನ್ನು ಕಾಯಿ ಇಲ್ಲ ಎಂದು ಹೇಳಬೇಕಿತ್ತು. ಮರದ ಏಣಿ. ಎಡಗಾಲನ್ನು ಎರಡು ಕೈಯಿಂದ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎತ್ತಿ ಇಡಬೇಕು. ನಾನು ಹಿಂದಿನಿಂದ ಆಧಾರ ಕೊಟ್ಟೆ. ಮೇಲೆ ಹೋದಾಗ ಅವಳ ಕುಪ್ಪಸ ಬೆವರಿನಿಂದ ನೆನೆದಿತ್ತು.

ಡಾಕ್ಟರರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೊಟ್ಟರು. ಅತ್ತಿಗೆ ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತಳು.

“ಕೆಲಸ ನಿಲ್ತದ್ಯಾ ಡಾಕ್ಟ್ರೆ?”

“ಬೊಂಬಾಯಿಯವರು ಊರಿನ ಪಾಲು ಕೇಳುತ್ತಾರೆ ಗಣಪಿ. ಅದು ನಿಂತರೆ ಮಳೆಗಾಲಕ್ಕೆ ಮೊದಲು ನಾನು ಪೆಟ್ಟಿಗೆ ಕಟ್ಟಬೇಕು.”

“ಮದುವೆ ಅದಕ್ಕೂ ಮೊದ್ಲು ಅದೆ,” ಅಂದಳು ಅತ್ತಿಗೆ. “ಅಷ್ಟರೊಳಗೆ ನನ್ನ ಕಾಲು ಇಳೀತದ್ಯಾ?”

ಡಾಕ್ಟರು ಕನ್ನಡಕ ತೆಗೆದರು. ಆ ವಿದ್ಯಾವಂತರ ಮುಖ ನಮ್ಮ ಕೇರಿಯ ಹುಡುಗರು ತಪ್ಪು ಮಾಡಿ ಸಿಕ್ಕಿಬಿದ್ದಾಗ ಆಗುವ ಹಾಗೆ ಆಯಿತು.

“ಇದು ನಾನು ಮೊದಲ ದಿನವೇ ಬಿಡಿಸಿ ಹೇಳಬೇಕಿತ್ತು,” ಎಂದರು. “ನಾನು ಮದ್ದು ಮಾಡುವವನಲ್ಲ. ಹುಳ ಯಾರ ರಕ್ತದಲ್ಲಿದೆ, ಯಾವ ತಿಂಗಳು ಹೆಚ್ಚು, ಯಾವ ಸೊಳ್ಳೆ ಅದನ್ನು ಒಬ್ಬರಿಂದ ಒಬ್ಬರಿಗೆ ಒಯ್ಯುತ್ತದೆ, ಇಷ್ಟು ನೋಡುವುದು ನನ್ನ ಕೆಲಸ. ನನ್ನ ಹಾಗೆ ಬೇರೆ ಬೇರೆ ಊರಿನಲ್ಲಿ ನೋಡುತ್ತಿದ್ದಾರೆ. ಇದನ್ನೆಲ್ಲ ಇಟ್ಟುಕೊಂಡು ಮದ್ದು ಹುಡುಕುವವರು ಇನ್ನೆಲ್ಲೋ ಇದ್ದಾರೆ. ಯಾವಾಗ ಸಿಗುತ್ತದೆ, ಗೊತ್ತಿಲ್ಲ. ಸಿಕ್ಕಿದರೂ ಇಷ್ಟು ಊದಿದ ಕಾಲು ಇಳಿಯುವುದಿಲ್ಲ.”

ಅತ್ತಿಗೆ ಸೀರೆಯನ್ನು ಕಾಲಿನ ಮೇಲೆ ಇನ್ನಷ್ಟು ಎಳೆದುಕೊಂಡಳು. “ಮನೆಮನೆಗೆ ಹೇಳಿಬಿಟ್ಟೆ ನಾನು. ಬೇನೆ ಹೋಗ್ತದೆ ಅಂತ,” ಅಂದಳು ನೆಲ ನೋಡುತ್ತ. ಆಮೇಲೆ ತಲೆ ಎತ್ತಿ, “ಮತ್ತೆ ಯಾರ ಕಾಲಿಗೆ ಆ ಮದ್ದು?”

ಡಾಕ್ಟರು ಮೇಜಿನಿಂದ ಒಂದು ಗಾಜಿನ ಪಟ್ಟಿ ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟು ಅವಳನ್ನು ಎಬ್ಬಿಸಿ ನೋಡಲು ಹೇಳಿದರು. ಅವಳು ನೋಡಿದಳು. ಆಮೇಲೆ ನಾನೂ ನೋಡಿದೆ. ಬಿಳಿ ಬೆಳಕಿನ ನಡುವೆ ಒಂದು ನೀಲಿ ದಾರದ ತುಂಡು ಬಳುಕಿ ಬಿದ್ದ ಹಾಗೆ ಇತ್ತು.

“ಹುಳ ಇದೇ. ಬಣ್ಣ ನಾನು ಹಾಕಿದ್ದು,” ಎಂದರು. “ಇದು ನಿಮ್ಮ ರಕ್ತ ಅಲ್ಲ. ನಿಮ್ಮ ಮಗಳದ್ದು.”

ಅತ್ತಿಗೆ ಮೇಜಿನ ಅಂಚು ಹಿಡಿದುಕೊಂಡಳು. “ಅವ್ಳ ಕಾಲು ಚಂದ ಅದೆಯಲ್ಲ.”

“ಈಗ ಚಂದ ಇದೆ. ಹಾಗೇ ಉಳಿಯಬಹುದು, ಉಳಿಯದೆಯೂ ಇರಬಹುದು. ಮದ್ದು ಸಿಕ್ಕಿದರೆ ಅದು ಅಂಥವರಿಗೆ.”

ಏಣಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಕೆಳಗೆ ಬಂದ ಮೇಲೆ ಅತ್ತಿಗೆ ನನ್ನ ಕೈ ಹಿಡಿದು, “ಇದು ನಿನ್ನ ಗಂಡ ತಿಮ್ಮಂಗೆ ಗೊತ್ತಾಗೂದು ಬೇಡ. ಮಂಗಲಂಗೆ ಮೊದ್ಲೇ ಬೇಡ. ಕುಮಟಾದವ್ರಿಗೆ ಗೊತ್ತಾದ್ರೆ ಮುಗೀತು,” ಅಂದಳು. ನಾನು ದೇವರ ಆಣೆ ಹಾಕಿದೆ.

ಅವಳ ಮುಂದೆ ಈಗ ಎರಡೇ ದಾರಿ ಇತ್ತು. ಮದುವೆ ಮುಗಿಯುವವರೆಗೆ ಸಿಪ್ಪೆಯ ಹಿಂದೆ ಕೂತಿದ್ದರೆ ಮಗಳ ಮದುವೆ ಉಳಿಯುತ್ತದೆ. ಆದರೆ ಡಾಕ್ಟರು ಹೊರಟುಹೋಗುತ್ತಾರೆ, ಮದ್ದಿನ ದಾರಿ ಅಷ್ಟು ಹಿಂದೆ ಬೀಳುತ್ತದೆ. ಕಾಯಿ ಮತ್ತೆ ಎತ್ತಬೇಕಾದರೆ ಕತ್ತಲಲ್ಲಿ ಬೇಲಿಯಾಚೆ ನಿಂತರೆ ಆಗುವುದಿಲ್ಲ. ಹಗಲಿಗೆ ಹೋಗಬೇಕು, ಅಂಗಳ ದಾಟಬೇಕು, ಜಗಲಿಯಲ್ಲಿ ಕೂರಬೇಕು. ಕಾಲು ಕಂಡೇ ಕಾಣುತ್ತದೆ. ಸುದ್ದಿ ಬಸ್ಸು ಹತ್ತಿ ಕುಮಟಾಕ್ಕೆ ಹೋಗುತ್ತದೆ. ವೆಂಕಟ್ರಮಣ ಅದೇ ಬಸ್ಸಿನವನಲ್ಲವೇ.

ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ, ಬಿಸಿಲು ಏರಿದ ಮೇಲೆ, ಬುಟ್ಟಿ ತೆಗೆದುಕೊಂಡು ಅಂಗಳಕ್ಕೆ ಇಳಿದಳು.

ನಮ್ಮನೆಯವರು ಬೇಲಿಯ ಹತ್ತಿರ ಅಡ್ಡ ನಿಂತರು. “ಎಲ್ಲಿಗೆ?”

“ಕಾಯಿಗೆ.”

“ಊರೆಲ್ಲ ನಗಾಡಿದ್ದು ಸಾಕಾಗ್ಲಿಲ್ವಾ? ನೀ ಹಗಲಿಗೆ ಹೊರಟ್ರೆ ಮದುವೆ ಮುರೀತದೆ. ಹೋಗ್ಲಿ, ನಿನ್ನ ಕಾಲಾದ್ರೂ ಇಳೀತದ್ಯಾ?”

“ಇಲ್ಲ. ಇಳೂದಿಲ್ಲ ಅಂತ ಹೇಳ್ಯಾರೆ.”

“ಮತ್ತೆ ಎಂತಕೆ?”

ಅತ್ತಿಗೆ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. ಮಗಳ ರಕ್ತದ ಮಾತು ಹೇಳುವ ಹಾಗಿರಲಿಲ್ಲ. ಮಂಗಲಾ ಒಳಗಿನಿಂದ ಓಡಿಬಂದು ತಾಯಿಯ ಬುಟ್ಟಿ ಹಿಡಿದಳು. “ಅವ್ವಿ, ನಿಂಗೆ ನಾ ಬೇಕಾ, ಊರ ಬೇನೆ ಬೇಕಾ? ನನ್ನ ಮದುವೆ ಆಗೂವರೆಗಾದ್ರೂ ಮನೇಲಿ ಕೂತ್ಕೊ. ನಿನ್ನ ಕಾಲು ನೋಡಿ ಯಾರು ನನ್ನ ತಗಂಡು ಹೋಗ್ತ್ರು?”

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳುವುದಿಲ್ಲ ಎಂದು ಆಣೆ ಹಾಕಿದ್ದೆನಲ್ಲ. ಅತ್ತಿಗೆ ಮಗಳ ಬೆರಳುಗಳನ್ನು ಒಂದೊಂದಾಗಿ ಬುಟ್ಟಿಯಿಂದ ಬಿಡಿಸಿದಳು. ಅವಳ ಕಣ್ಣು ಮಗಳ ಪಾದದ ಮೇಲಿತ್ತು. ತಮ್ಮನ ಪಕ್ಕದಿಂದ ಹಾದು ಹೊರಟಳು. ನಾನು ಹಿಂದೆಯೇ ಹೋದೆ. ಆ ದಿನ ನಮ್ಮನೆಯವರು ನನ್ನ ಹತ್ತಿರವೂ ಮಾತಾಡಲಿಲ್ಲ.

ಮೊದಲು ಮಾದೇವನ ಮನೆ. ಅತ್ತಿಗೆ ಅಂಗಳ ದಾಟಿ ಜಗಲಿಯ ಮೇಲೆ ಕೂತು ಸೀರೆಯನ್ನು ಮೊಣಕಾಲಿನ ತನಕ ಎತ್ತಿದಳು. ಮಾದೇವ, ಅವನ ಹೆಂಡತಿ, ಅವನ ಮುದಿತಾಯಿ ಎಲ್ಲ ನೋಡಿದರು. ಅತ್ತಿಗೆಯ ಕತ್ತಿನ ತನಕ ಕೆಂಪೇರಿತ್ತು.

“ನೋಡ್ಕಂಡು ಬಿಡಿ. ನಾ ಬೇಲಿ ಆಚೆ ನಿಲ್ತಿದ್ದದ್ದು ಇದಕ್ಕೆ. ಬೇನೆ ಒಯ್ಯೂಕೆ ಬಂದವ್ಳು ಅಂತ ನೀವು ಎಣಿಸಿದ್ರಿ, ನಿಮ್ದು ತಪ್ಪಲ್ಲ. ಇದು ಇಳೂದಿಲ್ಲ. ಮದ್ದು ಬಂದ್ರೂ ಇಳೂದಿಲ್ಲ. ನಾ ಮೊದ್ಲು ಹೇಳಿದ್ದು ಗೊತ್ತಿಲ್ದೇ ಹೇಳಿದ್ದು. ಈಗ ಕೇಳೂದು ಇನ್ನೂ ಊದದೇ ಇದ್ದ ಕಾಲಿಗೆ. ಮದ್ದು ಯಾವಾಗ ಬತ್ತದೆ ಅವ್ರಿಗೂ ಗೊತ್ತಿಲ್ಲ. ಕೊಡೂದಾದ್ರೆ ದೇವರ ಮುಂದೆ ಇಡೂ ಅಂಥ ಕಾಯಿ ಕೊಡಿ. ನಿವಾಳಿಸಿದ್ದು ಬೇಡ.”

ಮಾದೇವನ ತಾಯಿ ಎದ್ದು ಒಳಗೆ ಹೋದಳು. ಕೊಡುವುದಿಲ್ಲ ಎಂದೇ ನಾನು ತಿಳಿದೆ. ಅವಳು ಒಂದು ಕಾಯಿ ತಂದು ತೊಳೆದು ಅತ್ತಿಗೆಯ ಪಕ್ಕದಲ್ಲಿಟ್ಟಳು.

“ಯಾವಾಗ ಬತ್ತದೆ ಗೊತ್ತಿಲ್ದೇ ಇದ್ದದ್ದಕ್ಕೆ ಕಾಯಿಯಾ?” ಅಂದ ಮಾದೇವ.

“ನೀ ಕಾಯಿ ಕೀಳೂ ಮರ ಯಾರು ನೆಟ್ಟದ್ದು?” ಅಂದಳು ಮುದುಕಿ. “ನಿನ್ನ ಅಜ್ಜ. ಅವ ಒಂದು ಕಾಯಿ ತಿಂದ್ನಾ? ಸುಮ್ನೆ ಕೂತ್ಕೊ.”

ಎಲ್ಲ ಮನೆಯವರೂ ಕೊಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬಳು ಅತ್ತಿಗೆ ಕೂತ ಜಾಗಕ್ಕೆ ನಮ್ಮೆದುರೇ ಸಗಣಿನೀರು ಹಾಕಿದಳು. ಒಂದು ಮನೆಯಲ್ಲಿ ಗಂಡಸು, “ಮೊದ್ಲು ನಮ್ಮ ಹೊಟ್ಟೆಗೆ ಬೇನೆ ತಿನ್ನಿಸಿದ್ರಿ, ಈಗ ಕಣ್ಣಿಗೂ ತೋರಿಸ್ತ್ರಿ,” ಎಂದ. ಆದರೆ ನಾಲ್ಕು ಮನೆ ದಾಟುವಷ್ಟರಲ್ಲಿ ಒಬ್ಬ ಹೆಂಗಸು ಅತ್ತಿಗೆಯನ್ನು ಕೊಟ್ಟಿಗೆಯ ಮರೆಗೆ ಕರೆದು ತನ್ನ ಕಾಲನ್ನೂ ತೋರಿಸಿದಳು. ಇನ್ನೂ ಸ್ವಲ್ಪವೇ ಊದಿತ್ತು. ಗಂಡನಿಗೂ ಗೊತ್ತಿರಲಿಲ್ಲವಂತೆ. ಅವಳು ಎರಡು ಕಾಯಿ ಕೊಟ್ಟಳು. ಸಂಜೆಗೆ ಬುಟ್ಟಿ ತುಂಬಿತು. ಅತ್ತಿಗೆ ಆ ಬುಟ್ಟಿಯನ್ನು ದುರ್ಗಪ್ಪನ ಮುಂಬಾಗಿಲಿಗೆ ಒಯ್ದು, ಬೆಂಚಿನ ಮೇಲೆ ಕೂತವರ ಎದುರೇ, ಒಂದೊಂದು ಕಾಯಿಯನ್ನೂ ತಿರುಗಿಸಿ ತೋರಿಸಿ ಕೆಳಗಿಟ್ಟಳು. ದುರ್ಗಪ್ಪ ಅವನ್ನು ಎಣಿಸಿ ಒಳಗೆ ತೆಗೆದುಕೊಂಡ.

ವಾರ ಕಳೆಯುವುದರೊಳಗೆ ಲಕ್ಕಿ ಕುಮಟಾದಿಂದ ಬಂದಳು. ಅತ್ತಿಗೆ ಜಗಲಿಯ ಮೇಲೆ ಕಾಯಿಯ ಜುಟ್ಟು ಕೀಳುತ್ತಿದ್ದಳು. ಎದುರಿಗೆ ಸಿಪ್ಪೆಯ ರಾಶಿ ಇರಲಿಲ್ಲ.

“ನೋಡೂಕೆ ಬಂದೆ,” ಅಂದಳು ಲಕ್ಕಿ.

“ನೋಡು.”

ಲಕ್ಕಿ ನೋಡಿದಳು. “ಮೊದ್ಲೇ ಹೇಳೂಕಾಗಿತ್ತು ಗಣಪಿ.”

“ಹೌದು. ಹೇಳೂಕಾಗಿತ್ತು.”

ಲಕ್ಕಿ ಚಾ ಕುಡಿಯಲಿಲ್ಲ. ನಮ್ಮನೆಯವರು ಕೈ ಮುಗಿದು ನಿಂತಿದ್ದರು. ಒಳಗೆ ಮಂಗಲಾ ಕಂಬಕ್ಕೆ ಹಣೆ ಒತ್ತಿಕೊಂಡಿದ್ದಳು. ಹೊರಡಲು ಎದ್ದು ನಿಂತು ಲಕ್ಕಿ ಹೇಳಿದಳು: “ನಮ್ಮ ಹುಡುಗ ಬೇರೆ ಯಾರೂ ಬೇಡ ಅಂತಾನೆ. ಮದುವೆ ಆಗ್ಲಿ. ಆದ್ರೆ ನೀ ಚಪ್ಪರದ ಕೆಳಗೆ ಬರೂದು ಬೇಡ. ಆಮೇಲೂ ನಮ್ಮನೆಗೆ ಬರೂದು ಬೇಡ. ನಾಲ್ಕು ಜನ ಕೇಳಿದ್ರೆ ನಾ ಎಂತ ಹೇಳ್ಲಿ?”

“ಆತು,” ಅಂದಳು ಅತ್ತಿಗೆ. ಅಷ್ಟು ಬೇಗ ಒಪ್ಪುತ್ತಾಳೆಂದು ಲಕ್ಕಿಯೂ ಎಣಿಸಿರಲಿಲ್ಲ.

ಮದುವೆಗೆ ನಾವೆಲ್ಲ ಕುಮಟಾಕ್ಕೆ ಹೋದೆವು. ಧಾರೆ ಎರೆಯುವಾಗ ತಾಯಿಯ ಜಾಗದಲ್ಲಿ ನಾನು ನಿಂತೆ. ಯಾರೋ ಮುದುಕಿ, “ಹುಡುಗಿಗೆ ಅವ್ವಿ ಇಲ್ವಾ?” ಎಂದು ಕೇಳಿದಳು. ನಾನು ತಂಬಿಗೆಯ ನೀರನ್ನೇ ನೋಡುತ್ತಿದ್ದೆ. ಮಂಗಲಾ ನನ್ನ ಬಾಯಿಯಿಂದ ಏನು ಬರುತ್ತದೋ ಎಂದು ಹೆದರಿ ನನ್ನನ್ನೇ ನೋಡುತ್ತಿದ್ದಳು. ಲಕ್ಕಿ ಮಧ್ಯೆ ಬಂದು, “ಅವ್ಳಿಗೆ ಜ್ವರ,” ಅಂದಳು. ಆ ಹೊತ್ತಿಗೆ ಅತ್ತಿಗೆ ಹೊನ್ನಾವರದಲ್ಲಿ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದಳು. ನಾನು ಇಲ್ಲದ ಕಾರಣ ಆ ದಿನ ಬುಟ್ಟಿಯನ್ನೂ ಅವಳೇ ಹೊತ್ತಳು.

ಬೊಂಬಾಯಿಯವರು ಇನ್ನೊಂದು ವರ್ಷಕ್ಕೆ ಕೊಟ್ಟರು. ಡಾಕ್ಟರು ಕೆಲಸ ಪೂರ್ತಿ ಮಾಡಿದರು. ಸಿಪ್ಪೆ ಕೊಳೆಹಾಕುವ ಗುಂಡಿಗಳಲ್ಲಿ ಸೊಳ್ಳೆ ಮರಿ ಹಾಕುವುದನ್ನು ನಮಗೆ ತೋರಿಸಿದರು. ಅತ್ತಿಗೆ ಹೊಟ್ಟೆ ಹೊರೆದದ್ದೇ ಆ ಗುಂಡಿಯ ಸಿಪ್ಪೆಯಿಂದ. ನಮ್ಮ ಗುಂಡಿಯನ್ನು ಮನೆಯಿಂದ ದೂರ, ಉಬ್ಬರದ ನೀರು ಬಂದು ಹೋಗುವ ಕಡೆಗೆ ಮಾಡಿದೆವು. ಆಮೇಲೆ ಅವರು ಗಾಜಿನ ಪಟ್ಟಿಗಳನ್ನೆಲ್ಲ ಮರದ ಪೆಟ್ಟಿಗೆಗಳಲ್ಲಿ ಹತ್ತಿ ತುಂಬಿ ಕಟ್ಟಿಕೊಂಡು ಹೋದರು.

ಮದ್ದು ಬರಲಿಲ್ಲ. ಯುದ್ಧ ಮುಗಿಯಿತು, ಮದ್ದು ಬರಲಿಲ್ಲ. ಸ್ವಾತಂತ್ರ್ಯ ಬಂತು, ಆಗಲೂ ಬರಲಿಲ್ಲ. ಅತ್ತಿಗೆ ಎಲ್ಲಿ ಕಂಡರೂ ಜನ ಕೇಳುವರು: “ಗಣಪಕ್ಕ, ನಿನ್ನ ಮದ್ದು ಎಲ್ಲಿ ತನ್ಕ ಬಂತು? ಬೊಂಬಾಯಿ ದಾಟ್ತಾ?” “ನಮ್ಮ ಕಾಯಿ ತಿಂದು ಶೇಟಜ್ಜಿ ದಪ್ಪ ಆದ್ಳು ಕಾಣ್ತದೆ.” ಅವಳು ತಲೆ ತಗ್ಗಿಸಿ, “ಬತ್ತದೆ,” ಅನ್ನುವಳು. ಅದನ್ನು ಹೇಳುವಾಗ ಅವಳಿಗೇ ನಂಬಿಕೆ ಇರಲಿಲ್ಲ. ಮಂಗಲಾ ವರ್ಷಕ್ಕೊಮ್ಮೆ ಬಂದು ಹೋಗುವಳು. ಬಂದಾಗಲೆಲ್ಲ ಅತ್ತಿಗೆ ಮೊದಲು ನೋಡುವುದು ಅವಳ ಪಾದ. “ಚಪ್ಪಲಿ ಹಾಕ್ಕೊಳ್ಳೂಕೆ ಶುರು ಮಾಡಿದ್ಯಾ,” ಎಂದೋ ಮತ್ತೊಂದೋ ನೆವ ಹೇಳಿ ಬಗ್ಗಿ ನೋಡುವಳು. ಒಮ್ಮೆ ಮಂಗಲಾ, “ಹುಣ್ಣಿಮೆಗೆ ಸ್ವಲ್ಪ ಚಳಿಜ್ವರ ಬಂದಿತ್ತು,” ಎಂದಳು ಮಾತಿಗೆ. ಆ ರಾತ್ರಿ ಅತ್ತಿಗೆ ನಿದ್ದೆ ಮಾಡಲಿಲ್ಲ.

ಸ್ವಾತಂತ್ರ್ಯ ಬಂದು ಎರಡು ಮಳೆಗಾಲ ಕಳೆದ ಮೇಲೆ ಕೃಷ್ಣಾನಂದ ಡಾಕ್ಟರು ಮತ್ತೆ ಬಂದರು. ತಲೆ ನೆರೆತಿತ್ತು. ಕೈಯಲ್ಲಿ ಬಿಳಿ ಗುಳಿಗೆಯ ಡಬ್ಬಿ. ಬೇರೆ ದೇಶದಲ್ಲಿ ಯಾರೋ ಕಂಡುಹಿಡಿದದ್ದು. ಸಿಕ್ಕಿದ್ದು ಸ್ವಲ್ಪ, ಎಲ್ಲರಿಗೂ ಸಾಲದು. ಆದರೆ ಯಾರಿಗೆ ಮೊದಲು ಕೊಡಬೇಕು ಎಂದು ಅವರು ಹುಡುಕಬೇಕಾಗಿರಲಿಲ್ಲ. ಹೊನ್ನಾವರದ ನಮ್ಮ ಕೇರಿಯಲ್ಲಿ ಯಾರ ರಕ್ತದಲ್ಲಿ ಹುಳ ಇತ್ತು ಎಂಬುದು ಕಾಯಿ ಕೊಟ್ಟು ತಂದ ಎಣ್ಣೆಯ ಬೆಳಕಿನಲ್ಲಿ ಆಗಲೇ ತಿಳಿದಿತ್ತು. ಬೇರೆ ಊರಿಗೆ ಬರಲು ವರ್ಷಗಳೇ ಹಿಡಿದ ಮದ್ದು ನಮ್ಮ ಕೇರಿಗೆ ಬೇಗ ಬಂತು. ಅವರು ನೇರ ನಮ್ಮ ಮನೆಗೆ ಬಂದು, “ಮಗಳು ಎಲ್ಲಿ?” ಎಂದು ಕೇಳಿದರು.

ಹೇಳಿ ಕಳಿಸಿದ ಮೇಲೆ ಮಂಗಲಾ ಮಗುವನ್ನು ಎತ್ತಿಕೊಂಡು ಬಂದಳು. ಗಂಡನ ಮನೆಯಲ್ಲಿ ಈ ಗುಳಿಗೆ ನುಂಗಲು ಅವಳಿಗೆ ಧೈರ್ಯವಿರಲಿಲ್ಲ. ನಮ್ಮ ಅಡಿಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನುಂಗಿದಳು. ರಾತ್ರಿಯಾಗುವಾಗ ಮೈ ಕೆಂಡವಾಯಿತು. ಹುಳ ಸಾಯುವಾಗ ಹಾಗೆ ಜ್ವರ ಬರುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿಹೋಗಿದ್ದರು. ಅತ್ತಿಗೆ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಹಾಕುತ್ತಿದ್ದಳು.

“ಅವ್ವಿ, ಡಾಕ್ಟ್ರು ನನ್ನ ರಕ್ತ ಯಾವಾಗ ನೋಡಿದ್ರು?”

“ಯಾವಾಗ್ಲೋ ನೋಡಿದ್ರು. ಮಲಕ್ಕೊ.”

“ಮದುವೆಗೆ ಮೊದ್ಲಾ?”

ಅತ್ತಿಗೆ ಬಟ್ಟೆ ಹಿಂಡಿದಳು. ಮಂಗಲಾ ನನ್ನ ಕಡೆ ತಿರುಗಿದಳು. ನಾನು ಆಣೆ ಹಾಕಿದ್ದವಳು. ಆದರೆ ಮುಖ ತಗ್ಗಿಸಿದೆ. ಅದೇ ಉತ್ತರವಾಯಿತು. ಬುಟ್ಟಿ ಹಿಡಿದು ತಾನು ಆಡಿದ ಮಾತು ಅವಳಿಗೆ ನೆನಪಾಗಿರಬೇಕು. ಚಾದರವನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ಚಾದರ ಬಹಳ ಹೊತ್ತು ನಡುಗಿತು. ಜ್ವರದ ನಡುಕ ಎಂದುಕೊಂಡು ಅತ್ತಿಗೆ ಇನ್ನೊಂದು ಕಂಬಳಿ ಹೊದೆಸಿದಳು.

ಜ್ವರ ಬಿಟ್ಟು, ಗುಳಿಗೆಗಳೆಲ್ಲ ಮುಗಿದು, ಡಾಕ್ಟರು ಮತ್ತೆ ರಕ್ತ ನೋಡಿ ಹುಳ ಇಲ್ಲ ಎಂದ ಮೇಲೆ ಮಂಗಲಾ ಹೊರಟಳು. ಗಂಟು ಕಟ್ಟಿ ಆದ ಮೇಲೆ ತಾಯಿಯ ಎದುರು ನಿಂತಳು.

“ನನ್ನ ಸಂಗ್ತಿಗೆ ಬಾ. ನನ್ನ ಮನೆ ನೀ ನೋಡ್ಲೇ ಇಲ್ಲ.”

“ನಿನ್ನ ಅತ್ತೆ ಬೇಡ ಅಂದದ್ದು ಅದೆ.”

“ಅವ್ರಿಗೆ ನಾ ಹೇಳ್ತೆ. ಬಾ.”

ಅತ್ತಿಗೆ ನನ್ನನ್ನು ನೋಡಿದಳು, ತಮ್ಮನನ್ನು ನೋಡಿದಳು. “ಹಂಗಾದ್ರೆ ಕತ್ತಲಾದ ಮೇಲೆ ಹೋಗುವ,” ಅಂದಳು.

“ಈಗಿನ ಬಸ್ಸಿಗೇ ಹೋಗುವ,” ಅಂದಳು ಮಂಗಲಾ.

ಬಸ್ಸಿನ ತನಕ ನಾನು ಮಗುವನ್ನು ಎತ್ತಿಕೊಂಡು ಹೋದೆ. ದುರ್ಗಪ್ಪನ ಹೋಟೆಲಿನ ಬೆಂಚಿನವರೆಲ್ಲ ನೋಡುತ್ತಿದ್ದರು. ಅತ್ತಿಗೆ ಎರಡು ಕೈಯಿಂದ ಕಾಲನ್ನು ಎತ್ತಿ ಬಸ್ಸಿನ ಮೆಟ್ಟಿಲಿಗೆ ಇಟ್ಟಳು. ಒಳಗೆ ಜಾಗ ಸಾಲದೆ ಆ ಕಾಲು ನಡುವಿನ ದಾರಿಗೆ ಚಾಚಿಕೊಂಡಿತು. ಹತ್ತುವವರು ಇಳಿಯುವವರು ಅದನ್ನು ದಾಟಿ ಹೋಗಬೇಕಾಯಿತು. ಮಂಗಲಾ ಅದರ ಮೇಲೆ ಸೆರಗು ಎಳೆಯಲಿಲ್ಲ. ತಾಯಿ ಎಳೆಯಲು ಹೋದಾಗ ಕೈ ಹಿಡಿದು ತಡೆದಳು. ಆ ಕೈಯನ್ನು ಬಿಡಲೂ ಇಲ್ಲ. ಆದರೆ ಬಸ್ಸು ಹೊರಡುವಾಗ ನಾನು ನೋಡಿದೆ, ಮಂಗಲಾಳ ಮುಖ ಜನರ ಕಡೆಯಿಂದ ತಿರುಗಿ ಆಚೆ ಕಿಟಕಿಯ ಕಡೆಗಿತ್ತು.